ಕಾಡಿನ ಮಕ್ಕಳೂ ನಾಡಿನ ಮಕ್ಕಳೇ

ಹೆಗ್ಗಡದೇವನಕೋಟೆ, ಹುಣಸೂರು, ಕೊಡಗುಗಳ ಹಾಡಿಗಳಿಂದ ದೊಡ್ಡ ಚಿಕಿತ್ಸೆಯನ್ನರಸಿ ಬರುವ ತಂದೆತಾಯಿಗಳು ಕೆಂಗೇರಿಯನ್ನು ಹಾದು ನಮ್ಮ ಪಟ್ಟಣವನ್ನು ಸೇರುತ್ತಾರೆ. ಅವರ ಮಡಿಲಿನ ಮಕ್ಕಳಲ್ಲಿ ಕೆಲವಕ್ಕೆ ಹುಟ್ಟಿನೊಡನೆಯೇ ಬಂದ ಸಿಕಲ್ ಸೆಲ್ ರೋಗವಿದೆ. ಈ ಮಕ್ಕಳ ವಿಷಯದಲ್ಲಿ ನಾಗರಿಕರ ಕರ್ತವ್ಯವೇನೆಂಬುದನ್ನು ನಮ್ಮ ವಾಚಕರು ಇಂದು ಆಲೋಚಿಸತಕ್ಕದ್ದು.

ದುಂಡಗಿರಬೇಕಾದ ರಕ್ತದ ಕೆಂಪು ಕಣವು ಈ ರೋಗದಲ್ಲಿ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ; ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನು ತಡೆಯುತ್ತದೆ. ಅದರಿಂದ ಎಲುಬುಗಳಲ್ಲಿ ತಡೆಯಲಾರದ ನೋವು, ರಕ್ತಹೀನತೆ, ಕೆಲವೊಮ್ಮೆ ಎಳೆಯ ವಯಸ್ಸಿನಲ್ಲೇ ಪಾರ್ಶ್ವವಾಯು. ಇದು ದೆವ್ವದ ಕಾಟವೂ ಅಲ್ಲ, ತಾಯಿಯೊಬ್ಬಳ ದೋಷವೂ ಅಲ್ಲ, ತಂದೆತಾಯಿಗಳಿಬ್ಬರಿಂದಲೂ ಬರತಕ್ಕದ್ದು. ಭಾರತದಲ್ಲಿ ಇದು ಮೊದಲು ಕಂಡುಬಂದದ್ದು 1952 ರಲ್ಲಿ, ನೆರೆಯ ನೀಲಗಿರಿಯ ಗಿರಿಜನರಲ್ಲಿ.

ಬಹುಕಾಲ ಇದಕ್ಕೆ ಪರಿಹಾರವಿಲ್ಲವೆಂದೇ ನಂಬಲಾಗಿತ್ತು. 1984 ರಲ್ಲಿ ಅಮೆರಿಕದ ಮೆಂಫಿಸ್ ನಗರದಿಂದ ಬೇರೊಂದು ವಾರ್ತೆ ಬಂದಿತು. ರಕ್ತದ ಕ್ಯಾನ್ಸರಿಗಾಗಿ ತಮ್ಮನ ಅಸ್ಥಿಮಜ್ಜೆಯನ್ನು ಪಡೆದ ಎಂಟು ವರ್ಷದ ಹುಡುಗಿಯೊಬ್ಬಳಿಗೆ ಸಿಕಲ್ ಸೆಲ್ ರೋಗವೂ ಅದರೊಡನೆಯೇ ಗುಣವಾಗಿತ್ತು. ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ, ಸ್ಟೆಮ್ ಸೆಲ್ ಎಂಬ ಮೂಲಕೋಶಗಳೇ ಬದಲಾದರೆ ರಕ್ತವೂ ಬದಲಾಗುವುದೆಂಬುದು ಸಿದ್ಧವಾಯಿತು. 1986 ರಿಂದ 2013 ರವರೆಗೆ ಒಡಹುಟ್ಟಿದವರ ಹೊಂದುವ ಕೋಶಗಳನ್ನು ಪಡೆದ ಸಾವಿರ ರೋಗಿಗಳ ಲೆಕ್ಕದಲ್ಲಿ, ಐದು ವರ್ಷಗಳ ಮೇಲೆ ಬದುಕಿದ್ದವರು ನೂರಕ್ಕೆ ಸುಮಾರು 93 ಮಂದಿ. ವಯಸ್ಸು ಚಿಕ್ಕದಾದಷ್ಟೂ ಫಲವು ಹೆಚ್ಚು. ಪ್ರಾಣಾಪಾಯವಿಲ್ಲವೆಂದು ನಾವು ಹೇಳಲಾರೆವು; ರೋಗವು ಅಂಗಗಳನ್ನು ಕೆಡಿಸುವ ಮುನ್ನ ಕಸಿ ನಡೆದರೆ ಅಪಾಯ ಕಡಮೆ.

2023 ರ ಜುಲೈ 1 ರಂದು ಕೇಂದ್ರ ಸರಕಾರವು ಈ ರೋಗದ ನಿರ್ಮೂಲನ ಅಭಿಯಾನವನ್ನು ಆರಂಭಿಸಿತು. 7 ಕೋಟಿ ಜನರ ರಕ್ತಪರೀಕ್ಷೆ ಅದರ ಗುರಿ, ಕರ್ನಾಟಕವೂ ಅದರೊಳಗಿದೆ. ಕಾರ್ಯವು ಶ್ಲಾಘ್ಯವೇ. ಆದರೆ ರೋಗವಿದೆಯೆಂದು ಚೀಟಿ ಕೊಟ್ಟು ಮಗುವನ್ನು ಹಾಡಿಗೆ ಹಿಂದಿರುಗಿಸಿದರೆ ಏನು ಸಾಧಿಸಿದಂತಾಯಿತು? ಒಂದೇ ತಂದೆತಾಯಿಗಳ ಪ್ರತಿಯೊಂದು ಮಗುವಿನ ಮಜ್ಜೆಯೂ ರೋಗಿಗೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲೊಂದು. ಪರೀಕ್ಷಿಸದೆ ಅದು ತಿಳಿಯುವ ಬಗೆಯಿಲ್ಲ. ರೋಗದ ಒಂದೇ ಪಾಲನ್ನು ಹೊತ್ತ ಒಡಹುಟ್ಟೂ ದಾನಿಯಾಗಬಹುದು. ಕೊಟ್ಟ ಮಜ್ಜೆಯು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಆದುದರಿಂದ ಸರಕಾರದವರನ್ನು ನಾವು ಕೇಳುವುದಿಷ್ಟೇ. ರೋಗವು ಕಂಡುಬಂದ ಪ್ರತಿಯೊಂದು ಮಗುವಿನ ಒಡಹುಟ್ಟಿದವರಿಗೆ ಹೊಂದಾಣಿಕೆಯ ಪರೀಕ್ಷೆಯು ಬಿಟ್ಟಿಯಾಗಿ ನಡೆಯಲಿ. ಹೊಂದಿದವರಿಗೆ ಕಸಿಯ ವೆಚ್ಚ ದೊರೆಯಲಿ. ಹೊಂದದವರಿಗೆ ಹೈಡ್ರಾಕ್ಸಿಯೂರಿಯಾ ಔಷಧವು ತಪ್ಪದೆ ಹಾಡಿಯ ಬಾಗಿಲಿಗೇ ತಲಪಲಿ.

ಪಟ್ಟಣಿಗರಿಗೂ ಪಾಲಿದೆ. ಕಸಿಯಾದ ಮಗುವು ತಿಂಗಳುಗಟ್ಟಲೆ ಆಸ್ಪತ್ರೆಯ ಸಮೀಪದಲ್ಲೇ ಇರಬೇಕು. ಆ ಕಾಲದಲ್ಲಿ ಕೂಲಿ ಬಿಟ್ಟು ಬಂದ ತಂದೆ ಎಲ್ಲಿ ಮಲಗಬೇಕು, ಏನನ್ನುಣ್ಣಬೇಕು? ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಸಂಘಸಂಸ್ಥೆಗಳೂ ಮಠಗಳೂ ಒಂದೊಂದು ಶುಚಿಯಾದ ಕೊಠಡಿಯನ್ನೂ ಎರಡು ಹೊತ್ತಿನ ಊಟವನ್ನೂ ಒದಗಿಸಲಾರವೇ? ಕಸಿಯ ಕಾಲದಲ್ಲಿ ಬೇಕಾಗುವ ರಕ್ತವನ್ನು ನಮ್ಮ ತರುಣರು ಕೊಡಲಾರರೇ? ಕೆಂಗೇರಿಯ ಹಾದಿಯಲ್ಲಿ ನೋವಿನಿಂದ ಬಂದ ಮಗುವು ಅದೇ ಹಾದಿಯಲ್ಲಿ ಆರೋಗ್ಯದಿಂದ ಹಿಂದಿರುಗಬೇಕಾದರೆ ವೈದ್ಯನ ಕೈಯೊಂದೇ ಸಾಲದು.