ಶಸ್ತ್ರದ ಋಣ

1622ನೆಯ ಇಸವಿಯ ಜುಲೈ 23ರಂದು ಇಟಲಿಯ ಗಾಸ್ಪರೋ ಆಸೆಲ್ಲಿ ಎಂಬ ಅಂಗರಚನಾಶಾಸ್ತ್ರಜ್ಞನು, ಕೆಲವರು ಸ್ನೇಹಿತರ ಅಪೇಕ್ಷೆಯ ಮೇರೆಗೆ ಧ್ವನಿಪೆಟ್ಟಿಗೆಯ ನರಗಳನ್ನು ತೋರಿಸುವುದಕ್ಕಾಗಿ, ಆಗಷ್ಟೆ ಹೊಟ್ಟೆತುಂಬ ಉಂಡಿದ್ದ ನಾಯಿಯೊಂದನ್ನು ಜೀವಂತವಾಗಿಯೇ ಸೀಳಿದನು. ನರಗಳ ಪ್ರದರ್ಶನ ಮುಗಿದ ಮೇಲೆ, ವಪೆಯ ಚಲನೆಯನ್ನೂ ತೋರಿಸಿಬಿಡೋಣವೆಂದು ಕರುಳನ್ನು ಕೆಳಕ್ಕೆ ಸರಿಸುವಾಗ, ಅದರ ಪೊರೆಯ ಮೇಲೆ ನೂಲಿಗಿಂತಲೂ ಸೂಕ್ಷ್ಮವಾದ ಬಿಳಿಯ ಎಳೆಗಳು ಅವನ ಕಣ್ಣಿಗೆ ಬಿದ್ದುವು. ಇವೂ ನರಗಳೇ ಇರಬೇಕೆಂದು ಮೊದಲು ಬಗೆದ ಆತನು ಒಂದೆಳೆಯನ್ನು ಕತ್ತಿಯ ಮೊನೆಯಿಂದ ತಿವಿದೊಡನೆಯೆ ಹಾಲಿನಂಥ ದ್ರವವು ಹೊರಗೆ ಹರಿಯಿತು. ಮೂವತ್ತು ವರ್ಷಗಳ ತರುವಾಯ ಡೆನ್ಮಾರ್ಕಿನ ತೋಮಸ್ ಬಾರ್ಥೊಲಿನನೂ ಸ್ವೀಡನ್ನಿನ ಓಲೌಸ್ ರುಡ್‌ಬೆಕ್ಕನೂ ಇಂಥದೇ ನಾಳಗಳನ್ನು ದೇಹದ ಬೇರೆ ಕಡೆಗಳಲ್ಲಿ ಕಂಡು, ಯಾರು ಮೊದಲಿಗರೆಂದು ಜಗಳವಾಡಿದರು. ಈ ನಾಳಗಳಲ್ಲಿದ್ದುದು ಹಾಲಲ್ಲ, ತಿಳಿನೀರು. ಆದುದರಿಂದ ಬಾರ್ಥೊಲಿನನು ತಿಳಿನೀರೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅವಕ್ಕೆ ಲಿಂಫ್ ನಾಳಗಳೆಂದು ಹೆಸರಿಟ್ಟನು. ಕನ್ನಡದಲ್ಲಿ ನಾವು ಅದನ್ನು ದುಗ್ಧರಸವೆನ್ನುತ್ತೇವೆ. ಯೂರೋಪಿನವರು ಬಾರ್ಥೊಲಿನನ ನೀರನ್ನು ನೆನೆದರೆ, ನಮ್ಮ ಮಾತಿನಲ್ಲಿ ಆಸೆಲ್ಲಿಯ ಹಾಲು ಉಳಿದುಕೊಂಡಿರುವುದು ಒಂದು ಸ್ವಾರಸ್ಯ.

ಸೂಕ್ಷ್ಮರಕ್ತನಾಳಗಳಿಂದ ಹೊರಗೆ ಜಿನುಗಿದ ನೀರು, ಅದರೊಡನೆ ಸೇರಿದ ಪ್ರೋಟೀನು ಮೊದಲಾದುವುಗಳನ್ನೆಲ್ಲ ಸಂಗ್ರಹಿಸಿ, ದಾರಿಯಲ್ಲಿ ಗ್ರಂಥಿಗಳ ಮೂಲಕ ಶೋಧಿಸಿ, ಮರಳಿ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ಕೈಯಿಂದ ಮೇಲಕ್ಕೆ ಬರುವ ನಾಳಗಳು ಬಹುಮಟ್ಟಿಗೆ ಕಂಕುಳಿನ ಗ್ರಂಥಿಗಳನ್ನು ಹಾದೇ ಹೋಗಬೇಕು. ಕೆರೆಗೆ ಒಳಹರಿವು ನಿಲ್ಲದೆ ಇದ್ದು, ತೂಬನ್ನು ಮಾತ್ರ ಯಾರೋ ಕಟ್ಟಿಬಿಟ್ಟರೆ ಏನಾದೀತೊ, ಆ ಗ್ರಂಥಿಗಳು ಹೋದ ಕೈಯಲ್ಲಿ ಆಗುವುದೂ ಅದೇ.

ಕಟ್ಟಿದವರಾದರೂ ಯಾರು? ನಮ್ಮ ಕರಾವಳಿಯ ಜನಕ್ಕೆ ಪರಿಚಿತವಾದ ಆನೆಕಾಲಿನಲ್ಲಿ ಅಪರಾಧಿ ಸೊಳ್ಳೆ ತಂದ ಹುಳು. ತೋಳಿನ ಊತದಲ್ಲಿ ಅನೇಕವೇಳೆ ಅಪರಾಧಿ ಪ್ರಾಣವುಳಿಸಲು ಬಂದ ಶಸ್ತ್ರವೈದ್ಯನೇ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್ಸ್‌ಟೆಡ್, ಶಸ್ತ್ರಕ್ರಿಯೆಯ ಕೋಣೆಗೆ ರಬ್ಬರಿನ ಕೈಗವಸನ್ನು ತಂದ ಮಹಾನುಭಾವನು, ಸ್ತನದ ಅರ್ಬುದಕ್ಕೆ ಸ್ತನವನ್ನೂ ಅದರಡಿಯ ಎದೆಯ ಸ್ನಾಯುವನ್ನೂ ಕಂಕುಳಿನ ಗ್ರಂಥಿಗಳನ್ನೂ ಒಂದೇ ಮುದ್ದೆಯಾಗಿ ಕಿತ್ತುಹಾಕುವ ವಿಧಾನವನ್ನು 1894ರಲ್ಲಿ ಪ್ರಕಟಿಸಿದನು. ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಬಹಳ ಕಡಮೆಯಾಯಿತು. ಎರಡು ಮೂರು ತಲೆಮಾರಿನ ವೈದ್ಯರು ಆ ಕ್ರಮವನ್ನು ಶಾಸನದಂತೆ ಪಾಲಿಸಿದರು. ಬದುಕಿ ಮನೆಗೆ ಹೋದ ಹೆಂಗಸರಲ್ಲಿ ಹಲವರ ತೋಳು ತಿಂಗಳುಗಳೊ ವರ್ಷಗಳೊ ಕಳೆದ ಮೇಲೆ ಊದತೊಡಗಿ ಮತ್ತೆ ಇಳಿಯಲಿಲ್ಲ. ಹಾಲ್ಸ್‌ಟೆಡ್ ತಾನೇ ತನ್ನ ಮರಣದ ಹಿಂದಿನ ವರ್ಷ, 1921ರಲ್ಲಿ, ಇದನ್ನು ಕುರಿತು ಲೇಖನವೊಂದನ್ನು ಬರೆದು, ವೈದ್ಯನ ಶಸ್ತ್ರದಿಂದ ಹುಟ್ಟಿದ ಆನೆರೋಗವೆಂಬ ಅರ್ಥದ ಹೆಸರನ್ನು ಅದಕ್ಕೆ ಕೊಟ್ಟನು. ಕಾರಣವನ್ನು ಮಾತ್ರ ಅವನು ಮುಖ್ಯವಾಗಿ ಗಾಯದ ಸೋಂಕಿನಲ್ಲಿ ಹುಡುಕಿದನು. ಸೋಂಕು ಊತವನ್ನು ಹೆಚ್ಚಿಸುವುದು ನಿಜವೇ. ಆದರೂ ತನ್ನ ಕೈಯ ಕೆಲಸವನ್ನು ತಾನೇ ಪೂರ್ತಿಯಾಗಿ ದೂರುವುದು ಎಂಥ ದೊಡ್ಡವರಿಗೂ ಕಷ್ಟವೆಂದು ತೋರುತ್ತದೆ.

ಅಷ್ಟರೊಳಗೆ ಪರಿಹಾರದ ಯತ್ನಗಳು ಆರಂಭವಾಗಿದ್ದುವು. ಲಂಡನ್ನಿನ ಸ್ಯಾಂಪ್ಸನ್ ಹ್ಯಾಂಡ್ಲಿ 1908ರಲ್ಲಿ ಊದಿದ ತೋಳಿನ ಚರ್ಮದಡಿಯಲ್ಲಿ ಉದ್ದುದ್ದವಾದ ರೇಷ್ಮೆಯ ದಾರಗಳನ್ನು ಹೂತು, ಅವುಗಳ ತುದಿಯನ್ನು ಆರೋಗ್ಯವಾದ ಭಾಗಕ್ಕೆ ಸೇರಿಸಿದನು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ದಾರಗಳು ನೀರನ್ನು ಹೀರಿ ಸಾಗಿಸುವುವೆಂದು ಅವನ ಎಣಿಕೆ. ಮೊದಮೊದಲು ತೋಳು ಇಳಿದುದೂ ಉಂಟು. ಆದರೆ ಗುಣ ನಿಲ್ಲಲಿಲ್ಲ. ಬತ್ತಿಯ ಸುತ್ತ ದೇಹವು ಗಾಯದ ನಾರನ್ನು ಬೆಳೆಸಿತು, ಕೆಲವು ಕಡೆ ದಾರವೇ ಕೀವುಗಟ್ಟಿ ಹೊರಬಂದಿತು. ಅಥೆನ್ಸಿನ ಕೊಂಡೊಲೆಯೋನ್ 1912ರಲ್ಲಿ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯನ್ನು ಕತ್ತರಿಸಿ ತೆಗೆದು, ನೀರು ಸ್ನಾಯುವಿನೊಳಗಿನ ದಾರಿ ಹಿಡಿಯಲೆಂದು ಬಯಸಿದನು, ನೀರು ಹಿಡಿಯಲಿಲ್ಲ. ಊದಿದ ಕಾಲಿನ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಪೂರ್ತಿಯಾಗಿ ಬಿಡಿಸಿ ಬರಿಯ ಮಾಂಸದ ಮೇಲೆ ಚರ್ಮದ ಕಸಿ ಹಾಕುವ ಉಗ್ರಕ್ರಿಯೆಯೊಂದಕ್ಕೆ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿದ್ದ ಹ್ಯಾವ್‌ಲಾಕ್ ಚಾರ್ಲ್ಸನ ಹೆಸರಿದೆ. ಆತನು ಬರೆದಿದ್ದುದು ವೃಷಣಕೋಶದ ಆನೆರೋಗದ ಚಿಕಿತ್ಸೆಯನ್ನು ಕುರಿತು. 1950ರ ಬರೆಹವೊಂದರಲ್ಲಿ ಕಾಲಿನ ಕ್ರಿಯೆಯನ್ನು ತಪ್ಪಾಗಿ ಅವನ ತಲೆಗೆ ಕಟ್ಟಿದರು, ಪುಸ್ತಕದಿಂದ ಪುಸ್ತಕಕ್ಕೆ ಆ ತಪ್ಪು ನಡೆದುಬಂದಿತು. ಕಾಣದ ನಾಳಗಳ ವಿಷಯದಲ್ಲಿ ಊಹೆಯೇ ರಾಜ್ಯವಾಳುತ್ತಿದ್ದ ಕಾಲ ಅದು.

ಅವು ಜೀವಂತ ಮನುಷ್ಯನಲ್ಲಿ ಕಂಡುದು 1950ರ ದಶಕದಲ್ಲಿ, ಲಂಡನ್ನಿನ ಜಾನ್ ಕಿನ್ಮಂತ್ ನೀಲಿ ಬಣ್ಣವನ್ನು ಚುಚ್ಚಿ ನಾಳವನ್ನು ಗುರುತಿಸಿ, ಅದರೊಳಗೆ ಎಕ್ಸ್‌ರೇಗೆ ಕಾಣುವ ದ್ರವವನ್ನು ತುಂಬಿ ಚಿತ್ರ ತೆಗೆದಾಗ. ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವೂ ಬಂದ ಮೇಲೆ, ಮೆಲ್ಬರ್ನಿನ ಬರ್ನಾರ್ಡ್ ಓಬ್ರಿಯನ್ 1977ರಲ್ಲಿ ದುಗ್ಧನಾಳವನ್ನು ನೆರೆಯ ಅಭಿಧಮನಿಗೇ ಹೊಲಿದು, ಕಟ್ಟಿದ ತೂಬಿನ ಪಕ್ಕದಲ್ಲಿ ಹೊಸ ಕೋಡಿಯನ್ನು ತೆಗೆದ ವರದಿಯನ್ನು ಪ್ರಕಟಿಸಿದನು. ಜಪಾನಿನ ಇಸಾವೊ ಕೋಶಿಮಾ ಈ ಕೌಶಲವನ್ನು ಒಂದು ಮಿಲಿಮೀಟರಿಗೂ ಕಡಮೆ ವ್ಯಾಸದ ನಾಳಗಳಿಗೆ ಇಳಿಸಿದನು. ಅಲ್ಲಿ ಬಳಸುವ ದಾರ ಬರಿಗಣ್ಣಿಗೆ ಕಂಡೂ ಕಾಣದಂಥದು. ಈಗ ಹಸಿರು ಬಣ್ಣವೊಂದನ್ನು ಬೆರಳಸಂದಿಗೆ ಚುಚ್ಚಿ, ಅವರಕ್ತ ಬೆಳಕಿನ ಕ್ಯಾಮರಾ ಹಿಡಿದರೆ, ಹರಿಯುತ್ತಿರುವ ನಾಳ ಪರದೆಯ ಮೇಲೆ ಮಿನುಗುತ್ತದೆ. ಪ್ಯಾರಿಸಿನ ಕೊರಿನ್ ಬೆಕರ್ ತೊಡೆಸಂದಿನ ಗ್ರಂಥಿಗಳನ್ನು ಅವುಗಳ ರಕ್ತನಾಳಗಳ ಸಮೇತ ಕಂಕುಳಿಗೆ ನೆಟ್ಟಳು. ಗ್ರಂಥಿ ಕೊಟ್ಟ ಕಾಲು ತಾನೇ ಊದಿಕೊಳ್ಳುವ ಅಪಾಯ ಅದರಲ್ಲಿ ಇಲ್ಲದಿಲ್ಲ.

ಎಲ್ಲರೂ ನೀರನ್ನು ಹರಿಸುವ ಚಿಂತೆಯಲ್ಲಿರುವಾಗ, ತೋಳಿನೊಳಗೆ ಇರುವುದು ನೀರೇ ಹೌದೆ ಎಂಬ ಪ್ರಶ್ನೆಗೆ ಉತ್ತರವು ಬಂದುದು ಸ್ವೀಡನ್ನಿನ ಮಾಲ್ಮೊ ಪಟ್ಟಣದಿಂದ. ಅಲ್ಲಿಯ ಹೋಕನ್ ಬ್ರೋರ್ಸನ್ 1987ರಿಂದ, ಸೌಂದರ್ಯಕ್ಕಾಗಿ ಬೊಜ್ಜು ಹೀರುವವರ ಉಪಕರಣವನ್ನೇ ತೆಗೆದುಕೊಂಡು, ವರ್ಷಗಟ್ಟಲೆ ಊದಿ ಗಟ್ಟಿಯಾಗಿದ್ದ ತೋಳುಗಳ ಮೇಲೆ ಪ್ರಯೋಗಿಸತೊಡಗಿದನು. ಸಣ್ಣ ಸಣ್ಣ ರಂಧ್ರಗಳ ಮೂಲಕ ಹೊರಬಂದುದರಲ್ಲಿ ಬಹುಪಾಲು ಕೊಬ್ಬು. ದುಗ್ಧರಸವು ನಿಂತಲ್ಲಿ ಕಾಲಕ್ರಮೇಣ ಕೊಬ್ಬೂ ನಾರೂ ಬೆಳೆಯುತ್ತವೆ. ಹಾಗೆ ಬೆಳೆದುದನ್ನು ಯಾವ ಕೋಡಿಯೂ ಹರಿಸಲಾರದು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುವ ತೋಳಿನಲ್ಲಿ ಇನ್ನೂ ನೀರಿದೆ, ಅದನ್ನು ಮೊದಲು ಕಟ್ಟುಪಟ್ಟಿಯಿಂದ ಇಳಿಸಬೇಕು. ಕುಳಿ ಬೀಳದೆ ಉಳಿದ ದಪ್ಪಕ್ಕೆ ಮಾತ್ರ ಹೀರುಗೊಳವೆ: ಇಷ್ಟೇ ಅವನ ಲೆಕ್ಕ. ಆರೋಗ್ಯವಾದ ಇನ್ನೊಂದು ಕೈಯ ಅಳತೆಗೆ ಮೊದಲೇ ಹೊಲಿಸಿಟ್ಟ ಬಿಗಿಯಾದ ತೋಳುಗವಸನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ತೊಡಿಸುವುದು ಕ್ರಮ. ಎರಡು ಕೈಗಳೂ ಸಮಾನ ಗಾತ್ರಕ್ಕೆ ಬಂದುವು, ಹಾಗೆಯೇ ವರ್ಷಾನುಗಟ್ಟಲೆ ನಿಂತುವು. ಆದರೆ ಬೊಜ್ಜು ಹೋಯಿತೇ ಹೊರತು ತೂಬು ತೆರೆಯಲಿಲ್ಲವಷ್ಟೆ. ಗವಸನ್ನು ಕೆಲವು ದಿನ ತೆಗೆದಿಟ್ಟು ನೋಡಿದಾಗ ತೋಳು ಮತ್ತೆ ತುಂಬಿಕೊಳ್ಳತೊಡಗಿತು. ಆದಕಾರಣ ಹಗಲೂ ಇರುಳೂ, ಬದುಕಿರುವವರೆಗೂ, ಅದನ್ನು ತೊಟ್ಟಿರಬೇಕು. ಇದನ್ನು ಮೊದಲೇ ಒಪ್ಪಿಕೊಳ್ಳದವರಿಗೆ ಈ ಶಸ್ತ್ರಕ್ರಿಯೆ ಸಲ್ಲದು. ಇಷ್ಟು ನಿಷ್ಠುರವಾಗಿ ತನ್ನ ಮಿತಿಯನ್ನು ಹೇಳಿಕೊಳ್ಳುವ ಚಿಕಿತ್ಸೆಯಲ್ಲಿ ನನಗೆ ಹೆಚ್ಚು ನಂಬಿಕೆ.

ಆದರೂ ನನ್ನ ಎಣಿಕೆಯಲ್ಲಿ ಶಸ್ತ್ರವು ತನ್ನ ಋಣವನ್ನು ಹೆಚ್ಚಾಗಿ ತೀರಿಸಿದುದು ಊದಿದ ತೋಳಿನ ಮೇಲಲ್ಲ, ಕಂಕುಳಿನಲ್ಲಿಯೇ. ಅಮೆರಿಕದ ಅರ್ಮಾಂಡೊ ಜೂಲಿಯಾನೊ ಮತ್ತು ಸಹೋದ್ಯೋಗಿಗಳು 1994ರಲ್ಲಿ, ಅರ್ಬುದವು ಮೊಟ್ಟಮೊದಲು ತಲುಪುವ ಕಾವಲುಗ್ರಂಥಿಯನ್ನು ನೀಲಿ ಬಣ್ಣದಿಂದ ಗುರುತಿಸಿ ಅದನ್ನಷ್ಟೇ ಪರೀಕ್ಷಿಸುವ ಕ್ರಮವನ್ನು ಪ್ರಕಟಿಸಿದರು. ಅದು ಶುದ್ಧವಾಗಿದ್ದರೆ ಉಳಿದುವನ್ನು ಕೀಳುವ ಅವಶ್ಯವಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಕಂಕುಳಿನ ಗ್ರಂಥಿಗಳನ್ನು ವಿಸ್ತಾರವಾಗಿ ತೆಗೆದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ತೋಳು ಊದಿದರೆ, ಕಾವಲುಗ್ರಂಥಿಯನ್ನಷ್ಟೇ ತೆಗೆದವರಲ್ಲಿ 6ಕ್ಕಿಂತ ಕಡಮೆ.

ಒಂದು ಮಾತು ಓದುಗರಿಗೆ, ವಿಶೇಷವಾಗಿ ಸ್ತನದ ಶಸ್ತ್ರಕ್ರಿಯೆಯೊ ಕಂಕುಳಿಗೆ ವಿಕಿರಣವೊ ಆಗಿರುವವರ ಮನೆಯವರಿಗೆ. ಮೇಲೆ ಹೇಳಿದ ನಾಳದ ಹೊಲಿಗೆ ಫಲಿಸುವುದು ಬಹುಮಟ್ಟಿಗೆ ಊತವು ಇನ್ನೂ ನೀರಾಗಿರುವಾಗ. ಚಿಕಿತ್ಸೆಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಸರಿಯೆ, ಆ ಕಡೆಯ ಕೈಯ ಬಳೆ ಬಿಗಿಯಾಯಿತೆಂದೊ, ರವಿಕೆಯ ಒಂದು ತೋಳು ಮಾತ್ರ ಏರದೆಂದೊ ಅವರು ಹೇಳಿದರೆ, ಮೈ ಬಂದಿದೆಯೆಂದು ನಕ್ಕು ಸುಮ್ಮನಾಗಬೇಡಿರಿ. ದೊಡ್ಡ ಅಳತೆಯ ಬಳೆಗಾಗಿ ಬಳೆಗಾರನಲ್ಲಿಗೆ ಹೋಗುವ ಮುನ್ನ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ.