ದುಬಾರಿ ಆಡಿಯೋ ಕೇಬಲ್‌ಗಳ ಕುರಿತ ಸಂಶಯ

ದುಬಾರಿ ಆಡಿಯೋ ಕೇಬಲ್‌ಗಳೆಂದರೆ ಆಂಪ್ಲಿಫೈಯರ್, ಸ್ಪೀಕರ್ ಮುಂತಾದ ಧ್ವನಿಸಾಧನಗಳನ್ನು ಜೋಡಿಸಲು ಸಾಮಾನ್ಯ ತಂತಿಗಿಂತ ಹಲವು ಪಟ್ಟು ಹೆಚ್ಚಿನ ಬೆಲೆಗೆ ಮಾರಾಟವಾಗುವ ತಂತಿಗಳು. ಇವು ಸಂಗೀತವನ್ನು ಹೆಚ್ಚು ಸ್ಪಷ್ಟವಾಗಿ ಹಾಗೂ ಇಂಪಾಗಿ ಕೇಳಿಸುತ್ತವೆ ಎಂಬುದು ಮಾರಾಟಗಾರರ ಪ್ರತಿಪಾದನೆ. ಸಾಕಷ್ಟು ದಪ್ಪವಿರುವ ಸಾಧಾರಣ ತಾಮ್ರದ ತಂತಿಗೂ ಇವುಗಳಿಗೂ ಕಿವಿಗೆ ತಿಳಿಯುವ ವ್ಯತ್ಯಾಸ ಇರುವುದಿಲ್ಲ ಎಂಬುದು ಸಂಶಯವಾದಿಗಳ ನಿಲುವು. ಈ ನಿಲುವಿಗೆ ಆಧಾರವಾದ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯುಚ್ಛಕ್ತಿ ಪಾಠದ ತಿಳಿವಳಿಕೆಯಿಂದಲೇ ಮಾಡಬಹುದು.

ತಂತಿಯ ರೋಧ

ವಾಹಕವೊಂದರ ರೋಧವು ಅದರ ಉದ್ದ ಹೆಚ್ಚಿದಂತೆ ಹೆಚ್ಚುತ್ತದೆ, ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದಂತೆ ಕಡಿಮೆಯಾಗುತ್ತದೆ. ತಾಮ್ರದ ರೋಧಶೀಲತೆ ಸುಮಾರು 1.7×10⁻⁸ ಓಮ್-ಮೀಟರ್. ಆಂಪ್ಲಿಫೈಯರ್‌ನಿಂದ 5 ಮೀಟರ್ ದೂರದಲ್ಲಿರುವ ಸ್ಪೀಕರ್‌ಗೆ ಹೋಗಿ ಬರುವ ತಂತಿಯ ಒಟ್ಟು ಉದ್ದ 10 ಮೀಟರ್. ತಂತಿಯು 2.5 ಚದರ ಮಿಲಿಮೀಟರ್ ದಪ್ಪದ್ದಾಗಿದ್ದರೆ ಅದರ ರೋಧ ಸುಮಾರು 0.07 ಓಮ್ ಮಾತ್ರ. 8 ಓಮ್ ಸ್ಪೀಕರ್‌ನ ಎದುರು ಇದು ಶೇಕಡಾ 1ಕ್ಕಿಂತಲೂ ಕಡಿಮೆ. ಧ್ವನಿಯ ಮಟ್ಟದಲ್ಲಿ ಇದರಿಂದಾಗುವ ಇಳಿಕೆ 0.1 ಡೆಸಿಬೆಲ್‌ಗೂ ಕಡಿಮೆ. ಅಷ್ಟೇ ಉದ್ದದ 0.5 ಚದರ ಮಿಲಿಮೀಟರ್‌ನ ತೆಳು ತಂತಿಯಲ್ಲಿ ರೋಧ 0.34 ಓಮ್‌ಗೆ ಏರುತ್ತದೆ. ಆದ್ದರಿಂದ ತೀರ ತೆಳುವಾದ ತಂತಿಯನ್ನು ಬಿಟ್ಟು ದಪ್ಪ ತಂತಿಯನ್ನು ಬಳಸುವುದಕ್ಕೆ ಅರ್ಥವಿದೆ. ಆ ಮಿತಿಯನ್ನು ದಾಟಿದ ಮೇಲೆ ಹೆಚ್ಚು ಹಣ ತೆರುವುದರಿಂದ ದೊರೆಯುವ ಲಾಭ ಅತ್ಯಲ್ಪ.

ಸಾಮಾನ್ಯ ಪ್ರತಿಪಾದನೆಗಳು

ಬೆಳ್ಳಿಯ ತಂತಿ: ಬೆಳ್ಳಿಯು ತಾಮ್ರಕ್ಕಿಂತ ಉತ್ತಮ ವಾಹಕವೆಂಬುದು ನಿಜ. ಆದರೆ ವ್ಯತ್ಯಾಸ ಶೇಕಡಾ 6ರ ಆಸುಪಾಸಿನದು. ತಾಮ್ರದ ತಂತಿಯನ್ನು ತುಸು ದಪ್ಪವಾಗಿಸಿದರೆ ಅದೇ ಫಲ ಸಿಗುತ್ತದೆ.

ಆಮ್ಲಜನಕರಹಿತ ತಾಮ್ರ: ವಿದ್ಯುತ್ ತಂತಿಗೆ ಬಳಸುವ ಸಾಮಾನ್ಯ ತಾಮ್ರಕ್ಕೂ ಇದಕ್ಕೂ ವಾಹಕತೆಯಲ್ಲಿರುವ ಅಂತರ ಶೇಕಡಾ 1ರಷ್ಟು.

ಚಿನ್ನದ ಲೇಪ: ಚಿನ್ನವು ವಾಹಕತೆಯಲ್ಲಿ ತಾಮ್ರಕ್ಕಿಂತ ಕೆಳಗಿನದು. ಅದು ಕಿಲುಬು ಹಿಡಿಯುವುದಿಲ್ಲವಾದ್ದರಿಂದ ತಂತಿಯ ತುದಿಯ ಪಿನ್ನುಗಳಿಗೆ ಲೇಪ ಉಪಯುಕ್ತ. ಸಂಗೀತದ ಇಂಪಿಗೂ ಅದಕ್ಕೂ ಸಂಬಂಧವಿಲ್ಲ.

ದಿಕ್ಕಿನ ಬಾಣ: ಕೆಲವು ಕೇಬಲ್‌ಗಳ ಮೇಲೆ ಸಂಕೇತ ಹರಿಯಬೇಕಾದ ದಿಕ್ಕನ್ನು ಬಾಣದಿಂದ ಸೂಚಿಸಿರುತ್ತಾರೆ. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹರಿಯುವುದು ಪರ್ಯಾಯ ವಿದ್ಯುತ್ ಪ್ರವಾಹ. ಅದು ಎರಡೂ ದಿಕ್ಕಿಗೆ ಚಲಿಸುತ್ತದೆ. ರಕ್ಷಾಕವಚವನ್ನು ಒಂದೇ ತುದಿಯಲ್ಲಿ ಜೋಡಿಸಿದ ಕೇಬಲ್‌ಗಳಲ್ಲಿ ಮಾತ್ರ ಬಾಣಕ್ಕೆ ಉಪಯೋಗವಿದೆ.

ಡಿಜಿಟಲ್ ಕೇಬಲ್: ಎಚ್‌ಡಿಎಂಐನಂತಹ ಕೇಬಲ್‌ಗಳು ಸಂಕೇತವನ್ನು ಅಂಕಿಗಳ ರೂಪದಲ್ಲಿ ಸಾಗಿಸುತ್ತವೆ. ಅಂಕಿಗಳು ತಪ್ಪಿಲ್ಲದೆ ತಲುಪಿದರೆ ದುಬಾರಿ ಕೇಬಲ್ ಅವುಗಳಿಗೆ ಏನನ್ನೂ ಸೇರಿಸಲಾರದು. ಕೇಬಲ್ ಕಳಪೆಯಾಗಿದ್ದರೆ ಚಿತ್ರ ಅಥವಾ ಧ್ವನಿ ತುಂಡರಿಸುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

ಜಾತ್ರೆ, ಉತ್ಸವಗಳ ಧ್ವನಿವ್ಯವಸ್ಥೆ

ತಂತಿಯ ರೋಧವು ನಿಜವಾದ ಸಮಸ್ಯೆಯಾಗುವುದು ದೂರ ಹೆಚ್ಚಿದಾಗ. ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆ, ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರೇಶ್ವರ ಜಾತ್ರೆ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಉತ್ಸವ, ಅಕ್ಟೋಬರ್ ತಿಂಗಳಿನ ಕಿತ್ತೂರು ಉತ್ಸವ ಮುಂತಾದ ದೊಡ್ಡ ನೆರವಿಗಳಲ್ಲಿ ಧ್ವನಿಯು ವೇದಿಕೆಯಿಂದ ಬಹುದೂರ ತಲುಪಬೇಕಾಗುತ್ತದೆ. ಆಂಪ್ಲಿಫೈಯರ್‌ನಿಂದ 100 ಮೀಟರ್ ದೂರದ 8 ಓಮ್ ಧ್ವನಿವರ್ಧಕಕ್ಕೆ 1.5 ಚದರ ಮಿಲಿಮೀಟರ್ ತಂತಿ ಎಳೆದರೆ, ಹೋಗಿ ಬರುವ 200 ಮೀಟರ್ ತಂತಿಯ ರೋಧ ಸುಮಾರು 2.3 ಓಮ್ ಆಗುತ್ತದೆ. ಶಕ್ತಿಯ ಐದನೆಯ ಒಂದು ಭಾಗಕ್ಕೂ ಹೆಚ್ಚು ತಂತಿಯಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ.

ಇದಕ್ಕೆ ಬೆಳ್ಳಿಯ ತಂತಿ ಪರಿಹಾರವಲ್ಲ. ಸಾರ್ವಜನಿಕ ಧ್ವನಿವ್ಯವಸ್ಥೆಯಲ್ಲಿ ಬಳಕೆಯಲ್ಲಿರುವ ಪರಿಹಾರ 100 ವೋಲ್ಟ್ ಲೈನ್. ಇದರಲ್ಲಿ ಆಂಪ್ಲಿಫೈಯರ್ ಹೆಚ್ಚಿನ ವೋಲ್ಟೇಜಿನಲ್ಲಿ ಸಂಕೇತವನ್ನು ಕಳುಹಿಸುತ್ತದೆ, ಧ್ವನಿವರ್ಧಕದ ಬಳಿ ಇರುವ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸುತ್ತದೆ. 50 ವ್ಯಾಟ್ ಶಕ್ತಿಯನ್ನು 8 ಓಮ್ ಧ್ವನಿವರ್ಧಕಕ್ಕೆ ನೇರವಾಗಿ ಒದಗಿಸಲು 2.5 ಆಂಪಿಯರ್ ಪ್ರವಾಹ ಬೇಕು. 100 ವೋಲ್ಟ್ ಲೈನಿನಲ್ಲಿ 0.5 ಆಂಪಿಯರ್ ಸಾಕು. ಪ್ರವಾಹ ಐದರಲ್ಲಿ ಒಂದು ಪಾಲಾದರೆ ತಂತಿಯಲ್ಲಿನ ನಷ್ಟ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮನೆಯ ಕೋಣೆಯಲ್ಲಿ ಐದಾರು ಮೀಟರ್ ತಂತಿಗಾಗಿ ಸಾವಿರಾರು ರೂಪಾಯಿ ಕೇಳುವ ಜಾಹೀರಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬಹುದು.

ಕೇಳುಗರ ಅನುಭವ ಮತ್ತು ಪರೀಕ್ಷೆ

ದುಬಾರಿ ಕೇಬಲ್ ಕೊಂಡವರಲ್ಲಿ ಅನೇಕರು ವ್ಯತ್ಯಾಸ ಕೇಳಿಸಿತೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಬೆಲೆ, ಹೆಸರು ಹಾಗೂ ನಿರೀಕ್ಷೆಗಳು ಕೇಳುವಿಕೆಯ ಮೇಲೆ ಪ್ರಭಾವ ಬೀರುತ್ತವೆ. ಎರಡು ಬಾರಿ ಕೇಳಿಸಿದ ಧ್ವನಿಯ ಮಟ್ಟದಲ್ಲಿ ಅತ್ಯಲ್ಪ ಏರಿಕೆಯಿದ್ದರೂ ಅದು ಗುಣದ ವ್ಯತ್ಯಾಸದಂತೆ ತೋರಬಹುದು. ಆದ್ದರಿಂದ ಮಟ್ಟವನ್ನು ಸಮಗೊಳಿಸಿ, ಯಾವ ಕೇಬಲ್ ಜೋಡಿಸಿದೆ ಎಂಬುದು ಕೇಳುಗನಿಗೂ ಪರೀಕ್ಷಕನಿಗೂ ತಿಳಿಯದಂತೆ ಹಲವು ಬಾರಿ ನಡೆಸುವ ಪರೀಕ್ಷೆಯನ್ನು ವಿಶ್ವಾಸಾರ್ಹವೆಂದು ಪರಿಗಣಿಸಲಾಗುತ್ತದೆ.

2007ರಲ್ಲಿ ಅಮೆರಿಕದ ಜಾದೂಗಾರ ಹಾಗೂ ಸಂಶಯವಾದಿ ಜೇಮ್ಸ್ ರ್‍ಯಾಂಡಿ, 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲನ್ನು ಸಾಧಾರಣ ಬೆಲೆಯ ಕೇಬಲಿನಿಂದ ಇಂತಹ ಪರೀಕ್ಷೆಯಲ್ಲಿ ಪ್ರತ್ಯೇಕಿಸಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ನೀಡುವುದಾಗಿ ಸವಾಲು ಹಾಕಿದರು. ವಿಮರ್ಶಕರೊಬ್ಬರು ಸವಾಲನ್ನು ಸ್ವೀಕರಿಸಿದರೂ ಪರೀಕ್ಷೆ ನಡೆಯಲಿಲ್ಲ. ಆದ್ದರಿಂದ ಆ ಪ್ರಸಂಗವನ್ನು ಯಾವ ಪಕ್ಷದ ಗೆಲುವೆಂದೂ ಎಣಿಸಲಾಗದು. ಪ್ರತಿಪಾದನೆಯನ್ನು ಪರೀಕ್ಷೆಗೆ ಒಡ್ಡಬೇಕೆಂಬ ಈ ಕ್ರಮ ಕರ್ನಾಟಕಕ್ಕೆ ಹೊಸದಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ವೈಜ್ಞಾನಿಕ ಪರಿಶೀಲನೆಗಾಗಿ ಸಮಿತಿಯೊಂದನ್ನು ರಚಿಸಿದ್ದರು.

ಧ್ವನಿಮುದ್ರಣದಲ್ಲಿ ಇಲ್ಲದ್ದನ್ನು ತಂತಿ ಸೇರಿಸಲಾರದು ಎಂಬುದೂ ಗಮನಾರ್ಹ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರ ಹಳೆಯ ಮುದ್ರಣವನ್ನು ಕೇಳುವಾಗ, ಅಂದಿನ ಮೈಕು ಹಾಗೂ ಮುದ್ರಣ ಯಂತ್ರಗಳು ಹಿಡಿದಿಟ್ಟಷ್ಟೇ ಇಂದಿನ ಕೇಳುಗನಿಗೆ ದೊರೆಯುತ್ತದೆ. ಸ್ಪೀಕರ್‌ನ ಗುಣಮಟ್ಟ ಮತ್ತು ಕೋಣೆಯಲ್ಲಿ ಅದನ್ನು ಇಡುವ ಜಾಗ ಕೇಳುವಿಕೆಯನ್ನು ತಂತಿಗಿಂತ ಬಹಳ ಹೆಚ್ಚು ಬದಲಿಸುತ್ತವೆ.

ಗ್ರಾಹಕರ ಹಕ್ಕುಗಳು

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸರಕಿನ ಕುರಿತು ಸುಳ್ಳು ವಿವರಣೆ ನೀಡುವ ಜಾಹೀರಾತನ್ನು ದಾರಿತಪ್ಪಿಸುವ ಜಾಹೀರಾತೆಂದು ಪರಿಗಣಿಸುತ್ತದೆ. ಅಂತಹ ಜಾಹೀರಾತಿಗಾಗಿ ತಯಾರಕರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದರೆ ಈ ಮಿತಿ 50 ಲಕ್ಷ ರೂಪಾಯಿ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಕಾಯಿದೆ ಅವಕಾಶ ನೀಡಿದೆ. ಹೀಗಾಗಿ ದೂರದ ನಗರದ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಖರೀದಿಸಿದ ಬೈಲಹೊಂಗಲ ಅಥವಾ ರಾಮದುರ್ಗದ ಗ್ರಾಹಕನು ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋಗಬಹುದು. ದೂರನ್ನು ಎರಡು ವರ್ಷಗಳೊಳಗೆ ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

"ಇಂಪಾದ ಧ್ವನಿ" ಎಂಬಂತಹ ಮಾತು ಅಭಿರುಚಿಗೆ ಸೇರಿದ್ದು. ಅದನ್ನು ಸುಳ್ಳೆಂದು ಸಾಧಿಸುವುದು ಕಷ್ಟ. ತಂತಿಯ ಲೋಹ, ದಪ್ಪ, ರೋಧಗಳ ಬಗೆಗಿನ ಹೇಳಿಕೆಗಳನ್ನು ಅಳೆದು ನೋಡಬಹುದು. ಆದ್ದರಿಂದ ಖರೀದಿಯ ರಸೀದಿಯೊಂದಿಗೆ ಜಾಹೀರಾತಿನ ಪ್ರತಿಯನ್ನೂ ಉಳಿಸಿಕೊಳ್ಳುವುದು ಉಪಯುಕ್ತ.