ಯೆಜ್ಡಿ ಬಿಳಿ ಹೊಗೆ ಬಿಡ್ತಿದೆಯಾ? ಬೋರ್ ಮಾಡಿಸೋಕೆ ಮುಂಚೆ ಇಷ್ಟು ನೋಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೇ ತೋಟದ ಮನೆಗಳಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಗೋಣಿಚೀಲ ಹೊದ್ದು ನಿಂತಿರೋ ಯೆಜ್ಡಿ, ಜಾವಾ ಗಾಡಿಗಳು ಇನ್ನೂ ಸಿಗುತ್ತವೆ. ತಾತ ಓಡಿಸಿದ್ದು, ಅಪ್ಪ ಮೂಲೆಗೆ ಹಾಕಿದ್ದು, ಈಗ ಮೊಮ್ಮಗ ಹೊರಗೆ ಎಳೀತಿದ್ದಾನೆ. ಹೊರಗೆ ತೆಗೆದ ಮೊದಲ ವಾರವೇ ಒಂದು ಮಾತು ಕೇಳಿಬರುತ್ತೆ: “ಹೊಗೆ ಜಾಸ್ತಿ, ಪಿಕಪ್ ಇಲ್ಲ, ಬೋರ್ ಹೋಗಿದೆ, ಇಂಜಿನ್ ಬಿಚ್ಚಬೇಕು.”

ಬೋರ್ ನಿಜವಾಗಿ ಹೋಗಿದ್ದರೆ ಮಾಡಿಸಲೇಬೇಕು, ಬೇರೆ ದಾರಿ ಇಲ್ಲ. ಆದರೆ ಹೋಗದೇ ಇರೋ ಬೋರನ್ನು ಲೇತ್‌ಗೆ ಕೊಟ್ಟರೆ ಆ ಸಿಲಿಂಡರ್‌ನ ಆಯಸ್ಸನ್ನು ಸುಮ್ಮನೆ ಕತ್ತರಿಸಿದ ಹಾಗೆ. ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಹೀಗೆ ಹೆಚ್ಚುತ್ತಾ ಹೋಗುತ್ತವೆ. ಅಲ್ಲಿಗೆ ಮುಗೀತು. ಆಮೇಲೆ ಹೊಸ ಸ್ಲೀವ್ ಹಾಕಿಸಬೇಕು, ಇಲ್ಲ ಬೇರೆ ಸಿಲಿಂಡರ್ ಹುಡುಕಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದೆ. ಕಂಪನಿಯ ಒರಿಜಿನಲ್ ಸಿಲಿಂಡರ್ ಒಂದು ಹಾಳಾದರೆ ಇನ್ನೊಂದು ಸುಲಭಕ್ಕೆ ಸಿಗಲ್ಲ.

1961ರಿಂದ ಜಾವಾ ಹೆಸರಲ್ಲಿ, 1973ರಿಂದ ಯೆಜ್ಡಿ ಹೆಸರಲ್ಲಿ ಈ ಗಾಡಿಗಳು ಮೈಸೂರಿನ ಯಾದವಗಿರಿಯಿಂದ ಬಂದವು. ಅದರಲ್ಲಿ ರೋಡ್‌ಕಿಂಗ್ ಅನ್ನೋದು 250 ಸಿಸಿ, 16 ಎಚ್‌ಪಿಯ ಆ ಕಾಲದ ಸ್ಪೋರ್ಟ್ಸ್ ಬೈಕು. ಶೋಲಾವರಂ ರೇಸುಗಳಲ್ಲೂ ಯೆಜ್ಡಿಗಳು ಓಡಿವೆ. ಇವೆಲ್ಲ ಟೂ-ಸ್ಟ್ರೋಕ್ ಇಂಜಿನ್. ಗೊಂದಲ ಶುರುವಾಗೋದೇ ಇಲ್ಲಿ.

ಹೊಗೆ ಬಂದರೆ ರಿಂಗ್ ಹೋಗಿದೆ ಅಂತ ಅರ್ಥವಲ್ಲ

ಈಗಿನ ಹುಡುಗರು ಕೆಲಸ ಕಲಿತಿರೋದು ಸ್ಪ್ಲೆಂಡರ್, ಪಲ್ಸರ್ ಮೇಲೆ. ಅವು ಫೋರ್-ಸ್ಟ್ರೋಕ್. ಅವುಗಳಲ್ಲಿ ಇಂಜಿನ್ ಆಯಿಲ್ ಕೆಳಗಡೆ ಬೇರೆಯಾಗಿ ಇರುತ್ತೆ. ಪಿಸ್ಟನ್ ರಿಂಗ್ ಸವೆದರೆ ಆ ಆಯಿಲ್ ಮೇಲಕ್ಕೆ ಬಂದು ಸುಟ್ಟು ಹೊಗೆ ಆಗುತ್ತೆ. ಯೆಜ್ಡಿಯಲ್ಲಿ ಆಯಿಲನ್ನು ನಾವೇ ಪೆಟ್ರೋಲ್ ಜೊತೆ ಟ್ಯಾಂಕಿಗೆ ಸುರೀತೀವಿ. ಅದು ಸುಡಲೇಬೇಕು, ಸ್ವಲ್ಪ ಹೊಗೆ ಬರಲೇಬೇಕು. ಇದರಲ್ಲಿ ರಿಂಗ್ ಸವೆದರೆ ಹೊಗೆಗಿಂತ ಮುಂಚೆ ಕಾಣೋದು ಕಂಪ್ರೆಷನ್ ಕಡಿಮೆ ಆಗೋದು. ಕಿಕ್ ಮೇಲೆ ನಿಧಾನವಾಗಿ ಭಾರ ಬಿಡಿ. ಒಂದು ಕಡೆ ಅದು ಗಟ್ಟಿಯಾಗಿ ತಡೆದು ನಿಂತರೆ ಕಂಪ್ರೆಷನ್ ಇದೆ. ಬೆಣ್ಣೆಯ ಹಾಗೆ ಕೆಳಗಿಳಿದರೆ ಮಾತ್ರ ಬೋರ್, ರಿಂಗ್, ಹೆಡ್ ಕಡೆ ಅನುಮಾನ ಪಡಿ.

ಹಾಗಾದರೆ ಬೆಳಗಿನಿಂದ ಸಂಜೆವರೆಗೂ ನಿಲ್ಲದ ದಟ್ಟ ಬಿಳಿ ಹೊಗೆ ಎಲ್ಲಿಂದ? ಮೊದಲು ನಿಮ್ಮ ಅಳತೆಯನ್ನೇ ನೋಡಿ. ಲೀಟರ್ ಪೆಟ್ರೋಲಿಗೆ 30ರಿಂದ 40 ಮಿಲಿ ಟೂ-ಟಿ ಆಯಿಲ್ ಸಾಕು. ಕಣ್ಣಂದಾಜಲ್ಲಿ ಸುರಿಯೋರು ಜಾಸ್ತಿ. ಅಳತೆ ಸರಿ ಇದ್ದೂ ಹೊಗೆ ಬಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಮೇಲೆ ಕಣ್ಣಿಡಿ. ಈ ರಬ್ಬರ್ ಸೀಲ್ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಒಣಗಿ ಗಟ್ಟಿಯಾಗಿರುತ್ತೆ. ಆಗ ಇಂಜಿನ್ ಗೇರ್‌ಬಾಕ್ಸ್ ಆಯಿಲನ್ನೇ ಒಳಗೆ ಎಳೆದು ಸುಡುತ್ತೆ. ಪತ್ತೆ ಮಾಡೋದು ಸುಲಭ. ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಎಷ್ಟು ಹಾಕಿದ್ರಿ ಅಂತ ಬರೆದಿಡಿ, 500 ಕಿ.ಮೀ. ಓಡಿಸಿ, ಇಳಿಸಿ, ಅಳೀರಿ. ಹೊರಗೆಲ್ಲೂ ಸೋರಿಲ್ಲ, ಆದರೂ ಕಮ್ಮಿ ಆಗಿದೆ ಅಂದರೆ ಕಳ್ಳ ಸಿಕ್ಕಿದ. ಈ ಸೀಲ್ ಬದಲಾಯಿಸೋಕೆ ಬೋರ್ ಮುಟ್ಟೋ ಅಗತ್ಯವೇ ಇಲ್ಲ.

ಡೈನಮೋ ಕಡೆಯ ಸೀಲ್ ಹೋದರೆ ಕಥೆ ಬೇರೆ, ಮತ್ತು ಹೆಚ್ಚು ಅಪಾಯ. ಅಲ್ಲಿ ಆಯಿಲ್ ಇಲ್ಲ, ಬರೀ ಗಾಳಿ. ಅಳತೆ ಮೀರಿ ಗಾಳಿ ಒಳಗೆ ಹೋದರೆ ಮಿಶ್ರಣ ತೆಳುವಾಗಿ ಇಂಜಿನ್ ವಿಪರೀತ ಕಾಯುತ್ತೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯಲ್ಲ. ಕಾರ್ಬ್ಯುರೇಟರ್ ಕೂರೋ ಜಾಗದ ಗ್ಯಾಸ್ಕೆಟ್ ಲೀಕ್ ಆದರೂ ಇದೇ ಲಕ್ಷಣ. ಗಾಡಿ ಐಡ್ಲಿಂಗ್‌ನಲ್ಲಿ ಇಟ್ಟು ಆ ಕೂಡುವ ಜಾಗಕ್ಕೆ ಸೋಪು ನೀರು ಹಚ್ಚಿ, ಶಬ್ದ ಬದಲಾಗುತ್ತಾ ಕೇಳಿ. ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತೆ, ಆಗ ಬೋರ್ ಖರ್ಚು ತಪ್ಪಲ್ಲ.

ಪ್ಲಗ್ ಹೇಳೋದನ್ನ ಕೇಳಿ

ಐದಾರು ಕಿ.ಮೀ. ಓಡಿಸಿ, ಆಫ್ ಮಾಡಿ, ಪ್ಲಗ್ ಬಿಚ್ಚಿ. ಒಣಗಿದ ತೆಂಗಿನ ಚಿಪ್ಪಿನ ಕಂದು ಬಣ್ಣ ಇದ್ದರೆ ಎಲ್ಲಾ ಸರಿ. ಕಪ್ಪಗೆ, ಒದ್ದೆಯಾಗಿ, ಜಿಡ್ಡಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಇಲ್ಲ ಕಿಡಿ ಸಾಲದು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಡಿ ನಿಲ್ಲಿಸಿ, ಮೇಲೆ ಹೇಳಿದ ಗಾಳಿಯ ಲೀಕ್ ಹುಡುಕಿ.

ಯೆಜ್ಡಿಯ ಬಹುಪಾಲು ಮಾಡೆಲ್‌ಗಳಲ್ಲಿ ಕಿಡಿಗೆ ಬ್ಯಾಟರಿ ಬೇಕು. ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಬರಲ್ಲ, ಕಾಲು ನೋವು ಅಷ್ಟೇ. ಪ್ಲಗ್ ಕ್ಯಾಪ್‌ಗೆ ಪ್ಲಗ್ ಸಿಕ್ಕಿಸಿ ಹೆಡ್‌ಗೆ ತಾಗಿಸಿ ಹಿಡಿದು ಕಿಕ್ ಹೊಡೀರಿ. ನೀಲಿ ಕಿಡಿ ಪಟ್ ಅಂತ ಬರಬೇಕು. ಹಳದಿ, ಮಂಕು ಕಿಡಿ ಬಂದರೆ ಬ್ಯಾಟರಿ, ಪಾಯಿಂಟ್, ಕಂಡೆನ್ಸರ್, ಕಾಯಿಲ್ ಈ ಸಾಲಲ್ಲಿ ನೋಡಿ. ಪಕ್ಕದಲ್ಲಿ ಪೆಟ್ರೋಲ್ ಚೆಲ್ಲಿದ್ದರೆ ಈ ಪರೀಕ್ಷೆ ಬೇಡ.

ಇನ್ನೊಂದು ಸಾಮಾನ್ಯ ದೂರು: ತಿಪಟೂರಿಂದ ಹೊರಟಾಗ ಚೆನ್ನಾಗೇ ಇರುತ್ತೆ, ಕೆ.ಬಿ. ಕ್ರಾಸ್ ಮುಟ್ಟೋ ಹೊತ್ತಿಗೆ ಮುಕ್ಕರಿಸಿ ನಿಲ್ಲುತ್ತೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್. ಇದನ್ನೂ “ಇಂಜಿನ್ ಟೈಟ್” ಅಂತ ಬಿಚ್ಚಿಸಿದವರಿದ್ದಾರೆ. ನಿಂತ ತಕ್ಷಣ ಎರಡು ಕೆಲಸ ಮಾಡಿ. ಮೊದಲು ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೀರಿ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯಲ್ಲ. ‘ಸುಯ್’ ಅಂತ ಸದ್ದು ಬಂದು ಆಮೇಲೆ ಗಾಡಿ ಸ್ಟಾರ್ಟ್ ಆದರೆ ಒಂದು ಪಿನ್ನಿನಲ್ಲಿ ಮುಗಿಯೋ ಕೆಲಸ. ಅದಲ್ಲ ಅಂದರೆ ಇಂಜಿನ್ ಬಿಸಿ ಇರುವಾಗಲೇ ಕಿಡಿ ನೋಡಿ. ಬಿಸಿಯಲ್ಲಿ ಕಿಡಿ ಮಾಯವಾಗಿ, ತಣ್ಣಗಾದ ಮೇಲೆ ಬಂದರೆ ಕಂಡೆನ್ಸರ್ ಅಥವಾ ಕಾಯಿಲ್. ತಣ್ಣಗಾದ ಗಾಡಿಯನ್ನು ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಈ ದೋಷ ಅಲ್ಲಿ ಕಾಣೋದೇ ಇಲ್ಲ, ಮೆಕ್ಯಾನಿಕ್‌ದು ತಪ್ಪಿಲ್ಲ.

ಪೆಟ್ರೋಲ್ ವಿಷಯಕ್ಕೆ ಬಂದರೆ, ಈಗ ಬಂಕ್‌ನಲ್ಲಿ ಸಿಗೋದರಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲ್ ನೀರು ಹೀರುತ್ತೆ. ತಿಂಗಳುಗಟ್ಟಲೆ ನಿಂತರೆ ಟ್ಯಾಂಕ್ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತೆ, ಕಾರ್ಬ್ಯುರೇಟರ್ ಒಳಗೆ ಬಿಳಿ ಪುಡಿ ಕೂರುತ್ತೆ, ಹಳೇ ರಬ್ಬರ್ ಪೈಪು ಮೆತ್ತಗಾಗುತ್ತೆ. ಕೊಬ್ಬರಿ ಸುಲಿಯೋ ದಿನಗಳಲ್ಲಿ ಮೂಲೆಗೆ ನಿಲ್ಲಿಸೋ ಗಾಡಿಯಲ್ಲಿ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಖಾಲಿ ಆಗೋವರೆಗೆ ಓಡಿಸಿ ನಿಲ್ಲಿಸಿ. ಜೆಟ್ ಕಟ್ಟಿದ್ದರೆ ಗಾಳಿ ಹೊಡೆಸಿ, ತಂತಿ ತೂರಿಸಿ ತೂತು ದೊಡ್ಡದು ಮಾಡಬೇಡಿ. ಏರ್ ಫಿಲ್ಟರ್ ಬಿಚ್ಚಿ ನೋಡೋದನ್ನೂ ಮರೀಬೇಡಿ. ಮಟ್ಟೆ ನಾರು ತಂದು ಇಲಿ ಗೂಡು ಕಟ್ಟೋಕೆ ಅದಕ್ಕಿಂತ ಒಳ್ಳೇ ಜಾಗ ಬೇಕಾ?

ಪಿಕಪ್ ಇಲ್ಲ ಅಂದರೆ ಸೈಲೆನ್ಸರ್ ನೋಡಿ. ತೋಟದ ದಾರಿಯಲ್ಲಿ ಎರಡನೇ ಗೇರಲ್ಲೇ ಓಡೋ ಗಾಡಿಗೆ ಮಸಿ ಬೇಗ ಕಟ್ಟುತ್ತೆ. ಒಳಗಿನ ಬ್ಯಾಫಲ್ ಹೊರಗೆ ತೆಗೆದು ಸುಟ್ಟು, ಉಜ್ಜಿ, ವಾಪಸ್ ಹಾಕಿ. ಶಬ್ದಕ್ಕೋಸ್ಕರ ಬ್ಯಾಫಲ್ ಇಲ್ಲದೆ ಓಡಿಸಿದರೆ ಊರಿಗೆ ಕಿರಿಕಿರಿ, ಪೊಲೀಸ್ ದಂಡ, ಜೊತೆಗೆ ಎಳೆಯೋ ಶಕ್ತಿಯೂ ಕಡಿಮೆ.

ಬಿಚ್ಚಲೇಬೇಕಾದಾಗ

ಕಂಪ್ರೆಷನ್ ಇಲ್ಲ, ಒಮ್ಮೆ ಸೀಜ್ ಆಗಿದೆ, ಅಥವಾ ಬಿಸಿ ಆದಮೇಲೂ ಕೆಳಗಿಂದ ಗೊರಗೊರ ಅನ್ನೋ ಕ್ರ್ಯಾಂಕ್ ಬೇರಿಂಗ್ ಶಬ್ದ ನಿಂತಿಲ್ಲ ಅಂದರೆ ಬಿಚ್ಚಿಸಿ. ಆದರೆ ಲೇತ್‌ನವರ ಹತ್ತಿರ ಒಂದು ಮಾತು ಕೇಳಿ: “ಬೋರ್ ಗೇಜ್ ಇಟ್ಟು ಅಳೆದ್ರಾ? ಮೇಲೆ, ನಡುವೆ, ಕೆಳಗೆ ಎಷ್ಟು ಬಂತು?” ಬೆರಳು ಹಾಕಿ ಸವರಿ ಹೇಳೋದು ಅಳತೆ ಅಲ್ಲ. ಹಳೇ ಪಿಸ್ಟನ್ ಮೇಲೆ ಓವರ್‌ಸೈಜ್ ನಂಬರ್ ಇದ್ದರೆ ಇನ್ನೆಷ್ಟು ಸಲ ಕತ್ತರಿಸಬಹುದು ಅಂತ ಗೊತ್ತಾಗುತ್ತೆ, ಅದನ್ನ ಮನೆಗೆ ತನ್ನಿ. ವರ್ಷಗಳಿಂದ ನಿಂತಿದ್ದ ಗಾಡಿಗೆ ಮೊದಲ ಕಿಕ್ ಹೊಡೆಯೋ ಮುನ್ನ ಪ್ಲಗ್ ತೂತಿನಲ್ಲಿ ಸ್ವಲ್ಪ ಟೂ-ಟಿ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಅಂಟಿಕೊಂಡಿದ್ದರೆ ಕಿಕ್ ಮೇಲೆ ಹಾರಬೇಡಿ.

ಆರ್‌ಎಕ್ಸ್ 100 ಇಟ್ಟವರಿಗೂ ಇದರಲ್ಲಿ ಬಹುಪಾಲು ಅನ್ವಯ. ಆದರೆ ಅದರಲ್ಲಿ ಆಯಿಲ್ ಟ್ಯಾಂಕ್ ಬೇರೆ, ಪಂಪ್ ಅದನ್ನ ಇಂಜಿನ್‌ಗೆ ಕೊಡುತ್ತೆ. ಪಂಪ್ ಕೆಟ್ಟರೆ ಹೊಗೆ ಜಾಸ್ತಿ ಆಗೋ ಬದಲು ಪೂರ್ತಿ ನಿಲ್ಲಬಹುದು. ಹೊಗೆ ನಿಂತಿದ್ದಕ್ಕೆ ಖುಷಿ ಪಡಬೇಡಿ, ಆಯಿಲ್ ಇಳೀತಿದೆಯಾ ನೋಡಿ.

ಹಳೇ ಗಾಡಿ ಕೊಳ್ಳೋಕೆ ಹೋಗ್ತಿದ್ದೀರಾ? ಬೆಲೆ ಮಾತಾಡೋಕೆ ಮುಂಚೆ ಸಿಲಿಂಡರ್ ರೆಕ್ಕೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರೋ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಪಕ್ಕದ ಹೋಟೆಲಲ್ಲಿ ಟೀ ಕುಡಿದು, ಪೂರ್ತಿ ತಣ್ಣಗಾದ ಮೇಲೆ ಬಂದು ನೀವೇ ಕಿಕ್ ಹೊಡೀರಿ.